ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್: ‘ಪತ್ತೆ ಪರೀಕ್ಷೆ’ ಅಂದ್ರೆ ಸರಿಯಾಗ್ತದಾ?

ಎಲ್ರಿಗೂ ನಮಸ್ಕಾರ. ಉಡುಪಿಯಲ್ಲಿ ಅಂಗನವಾಡಿ ಟೀಚರುಗಳಿಗೆ ಕೊಡ್ಲಿಕ್ಕೆ ಒಂದು ಕರಪತ್ರ ಬರೀತಾ ಇದ್ದೇನೆ, ಬಸುರಿ ಇರುವಾಗ ತಾಯಿ ಕುಡಿದದ್ರಿಂದ ಮಗುವಿಗೆ ಆಗುವ ತೊಂದ್ರೆ ಡಾಕ್ಟ್ರು ಹೇಗೆ ಗುರುತಿಸ್ತಾರೆ ಅಂತ. ಮೊದ್ಲು ‘ಭ್ರೂಣ ಮದ್ಯ ಸಿಂಡ್ರೋಮ್ ಪತ್ತೆ ಪರೀಕ್ಷೆ’ ಅಂತ ಹಾಕಿದ್ದೆ. ಓದಿದ ಟೀಚರೊಬ್ರಿಗೆ ‘ಭ್ರೂಣ’, ‘ಪತ್ತೆ’ ಎರಡೂ ಒಟ್ಟಿಗೆ ಕಂಡ ಕೂಡ್ಲೇ ನೆನಪಾದದ್ದು ಸ್ಕ್ಯಾನಿಂಗ್ ಸೆಂಟರಿನ ‘ಭ್ರೂಣಲಿಂಗ ಪತ್ತೆ ಅಪರಾಧ’ ಬೋರ್ಡು. ಆಮೇಲೆ ಕೇಳಿದ್ರು, ರಕ್ತ ಎಲ್ಲಿ ಕೊಡುದು, ರಿಪೋರ್ಟು ಎಷ್ಟು ದಿನಕ್ಕೆ ಬರ್ತದೆ?

ನಂಗೆ ಬೇಜಾರಾದದ್ದು ಇದಕ್ಕೇ. ಹೌದು-ಅಲ್ಲ ಅಂತ ಹೇಳುವ ಒಂದು ರಕ್ತಪರೀಕ್ಷೆ ಇದಕ್ಕೆ ಇಲ್ವೇ ಇಲ್ಲ. ಮಗುವಿನ ಮುಖ ನೋಡ್ತಾರೆ, ಎತ್ತರ ತೂಕ ತಲೆಸುತ್ತು ಅಳೀತಾರೆ, ನೆನಪು ಗಮನ ಕಲಿಕೆ ಹೇಗುಂಟು ಅಂತ ನೋಡ್ತಾರೆ, ಹೀಗೇ ಕಾಣುವ, ಆದ್ರೆ ಜೀನಿನ ದೋಷದಿಂದ ಬರುವ ವಿಲಿಯಮ್ಸ್ ಸಿಂಡ್ರೋಮಿನಂಥದ್ದು ಅಲ್ಲ ಅಂತ ಖಾತ್ರಿ ಆಗ್ಲಿಕ್ಕೆ ಬೇಕಾದ್ರೆ ಜೀನ್ ಟೆಸ್ಟು ಮಾಡಿಸ್ತಾರೆ, ಇದೆಲ್ಲ ಸೇರಿಸಿ ಡಾಕ್ಟ್ರು ತೀರ್ಮಾನಕ್ಕೆ ಬರುದು. ಹುಟ್ಟಿದ ಮಗುವಿನ ಮೊದಲ ಕಪ್ಪು ಮಲದಲ್ಲಿ ಮದ್ಯದ ಗುರುತು ಹುಡುಕುವ ಟೆಸ್ಟು ಉಂಟು, ಆದ್ರೆ ಅದ್ರಲ್ಲಿ ಗೊತ್ತಾಗುದು ತಾಯಿ ಕುಡಿದಿದ್ದಾಳಾ ಅಂತ, ಮಗುವಿಗೆ ತೊಂದ್ರೆ ಆಗಿದೆಯಾ ಅಂತ ಅಲ್ಲ. ಮುಖದ ಗುರುತು, ಬೆಳವಣಿಗೆ, ಮೆದುಳು ಮೂರರಲ್ಲೂ ಸ್ಪಷ್ಟ ಇದ್ರೆ ತಾಯಿ ಬಾಯಿಬಿಡದಿದ್ರೂ ಇದೇ ಅಂತ ಹೇಳ್ಬಹುದು. ಹಾಗಾಗಿ ‘ಪರೀಕ್ಷೆ’ ಬೇಡ, ‘ತಪಾಸಣೆ’ ಹಾಕುವ ಅಂತಿದ್ದೇನೆ.

ಕಷ್ಟ ಇರುದು ಮುಖದ ಗುರುತುಗಳಿಗೆ ಕನ್ನಡ ಪದ ಹುಡುಕುದ್ರಲ್ಲಿ. ಸಣ್ಣ ಸ್ಕೇಲು ಕೆನ್ನೆಗೆ ಹಿಡಿದು ಕಣ್ಣಿನ ಒಳತುದಿಯಿಂದ ಹೊರತುದಿಗೆ ಅಳೀತಾರಲ್ಲ, ಅದಕ್ಕೆ ಒಬ್ರು ‘ಕಣ್ಸೀಳು’ ಅಂದ್ರು. ಆದ್ರೆ ಸೀಳು ಅಂದ್ರೆ ನಮ್ಮವ್ರಿಗೆ ಸೀಳುತುಟಿಯೇ ಕಣ್ಣಮುಂದೆ ಬರುದು, ಆಪರೇಶನ್ ಆಗ್ಬೇಕಾ ಅಂತ ಹೆದರ್ತಾರೆ. ‘ಕಣ್ಣಿನ ಉದ್ದ’ ಸಾಕಲ್ವಾ? ಮೇಲ್ತುಟಿ ತೆಳು ಅನ್ನುದು ಸುಲಭ. ಮೂಗಿನ ಕೆಳಗಿಂದ ಮೇಲ್ತುಟಿಗೆ ಇಳಿಯುವ ಆ ತಗ್ಗಿಗೆ, ಅದೇ ಫಿಲ್ಟ್ರಮ್‌ಗೆ, ಎಂತ ಹೇಳುದು? ಈ ಮಕ್ಕಳಲ್ಲಿ ಅದು ಸಪಾಟು ಆಗಿರ್ತದೆ. ನಮ್ಮ ಅಡಿಕೆ ತೋಟದಲ್ಲಿ ನೀರು ಹೋಗುವ ‘ಕಣಿ’ ನಂಗೆ ತುಂಬ ಹಿಡಿಸಿದೆ, ಎರಡು ಬದಿ ಏರಿ, ನಡುವೆ ತಗ್ಗು, ಥೇಟ್ ಹಾಗೇ. ಆದ್ರೆ ಬಳ್ಳಾರಿಯವ್ರಿಗೆ ಕಣಿ ಅಂದ್ರೆ ಭವಿಷ್ಯ ಹೇಳುದು.

‘ಮದ್ಯ’ದ ಮೇಲೂ ಸಂಶಯ ಉಂಟು. ಬಾಟ್ಲಿಯದ್ದು ಮಾತ್ರ ಮದ್ಯ, ಕಳಿ (ಮರದಿಂದ ಇಳಿಸುವ ಹೆಂಡ) ತಂಪಿಗೆ ಅಂತ ತಿಳ್ಕೊಂಡವ್ರು ಇಲ್ಲಿ ಇದ್ದಾರೆ, ಅದರಲ್ಲಿರುದೂ ಅದೇ ಆಲ್ಕೋಹಾಲು. ನಾನು ‘ಕಳಿ, ಶೇಂದಿ, ಬಿಯರ್ ಎಲ್ಲ’ ಅಂತ ಬಿಡಿಸಿಯೇ ಬರೀತೇನೆ.

ಹೆಸ್ರಿಗೆ ‘ಗರ್ಭಮದ್ಯ ಬಾಧೆ’ ಅಂತ ಒಬ್ರು ಸೂಚಿಸಿದ್ರು. ಆದ್ರೆ ಇಲ್ಲಿ ಬಾಧೆ ಅಂದ್ರೆ ಪ್ರೇತಬಾಧೆ, ಜ್ಯೋತಿಷ್ಯರ ಹತ್ರ ಓಡ್ತಾರೆ. 1973ರಲ್ಲಿ ಅಮೆರಿಕದ ಸಿಯಾಟಲ್‌ನ ಡಾಕ್ಟ್ರುಗಳಾದ ಜೋನ್ಸ್ ಮತ್ತು ಸ್ಮಿತ್ ಇಟ್ಟ ಇಂಗ್ಲಿಷ್ ಹೆಸ್ರೇ ಕನ್ನಡ ಲಿಪಿಯಲ್ಲಿ ಇರ್ಲಿ ಅಂತ ನಂಗೆ. ಫಿಲ್ಟ್ರಮ್‌ಗೆ ನಿಮ್ಮ ಊರಲ್ಲಿ ಅಜ್ಜಿಯಂದಿರು ಹೇಳುವ ಪದ ಇದ್ರೆ ದಯವಿಟ್ಟು ಬರೀರಿ, ಯಾವ ಊರು ಅಂತ ಸಹ ಹಾಕಿ.