ದಿನಾ ಒಂದಿಷ್ಟು ಗೀತೆ, ರಾಮಾಯಣ ಓದುವವರು ಯಾಕೆ ಇಷ್ಟು ಕಡಿಮೆ? ಓದುವವರು ಹೇಗೆ ಓದುತ್ತೀರಿ?

ಕೇಳಿದವರು:
ನಮ್ಮ ದೇವರ ಕೋಣೆಯಲ್ಲಿ ಗೀತೆ ಇದೆ. ಕೆಂಪು ಬಟ್ಟೆ ಸುತ್ತಿ ಇಟ್ಟಿದ್ದಾರೆ. ಹಬ್ಬ ಬಂದರೆ ಅದಕ್ಕೆ ಕುಂಕುಮ ಹಚ್ಚಿ ಹೂ ಇಡುತ್ತಾರೆ. ಬಿಚ್ಚಿ ಓದಿದವರನ್ನು ಮಾತ್ರ ನಾನು ನೋಡಿಲ್ಲ. ಹಾಗಂತ ಪೂಜೆ ಒಂದು ದಿನವೂ ತಪ್ಪುವುದಿಲ್ಲ. ಆಫೀಸಿನಲ್ಲಿ ನನ್ನ ಪಕ್ಕ ಕೂರುವವರು ದಿನಾ ಬೆಳಿಗ್ಗೆ ಬೈಬಲ್ ಓದಿಯೇ ಮನೆಯಿಂದ ಹೊರಡುತ್ತಾರಂತೆ. ನಮ್ಮಲ್ಲಿ ಈ ರೂಢಿ ಯಾಕಿಲ್ಲ? ನಾನು ಗೀತೆ ಹಿಡಿದಾಗಲೆಲ್ಲ ಎರಡನೇ ಅಧ್ಯಾಯದ ನಡುವೆ ನಿಂತುಬಿಡುತ್ತದೆ. ದಿನಾ ಓದುವವರಿದ್ದರೆ ಹೇಗೆ ಅಂತ ಹೇಳಿ. ಉಪದೇಶ ಬೇಡ, ನಿಮ್ಮ ಅನುಭವ ಸಾಕು.

ನಿವೃತ್ತ ಮೇಷ್ಟ್ರು:
ಅನುಭವಕ್ಕೆ ಮುಂಚೆ ಆ "ಯಾಕಿಲ್ಲ" ನೋಡೋಣ. ನಮ್ಮಲ್ಲಿ ಇದು ಕಿವಿಯ ವಿಷಯವಾಗಿತ್ತು, ಕಣ್ಣಿನದಾಗಿರಲಿಲ್ಲ. ವೇದ ಕಲಿಸಿದ್ದು ಬಾಯಿಂದ ಬಾಯಿಗೆ. ಪದ, ಕ್ರಮ, ಜಟೆ, ಘನ ಅಂತ ಒಂದೇ ಮಂತ್ರವನ್ನು ಹಿಂದೆ ಮುಂದೆ ತಿರುಗಿಸಿ ಹೇಳಿಸುತ್ತಿದ್ದರು. ಪುಸ್ತಕ ಇಲ್ಲದೆಯೇ ಒಂದು ಸ್ವರವೂ ಕಳೆಯದಿರಲಿ ಅಂತ ಮಾಡಿದ ಏರ್ಪಾಡು ಅದು. ರಾಮಾಯಣ, ಭಾರತ, ಭಾಗವತ ಜನರಿಗೆ ಸಿಕ್ಕಿದ್ದು ಹರಿಕಥೆಯಲ್ಲಿ, ಗಮಕದಲ್ಲಿ, ಯಕ್ಷಗಾನದಲ್ಲಿ, ತಾಳಮದ್ದಳೆಯಲ್ಲಿ. 1951ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಸುಮಾರು 18% ಮಾತ್ರ. ಹೆಂಗಸರಲ್ಲಿ ಇನ್ನೂ ಕಡಿಮೆ. ಆ ಕಾಲದ ಅಜ್ಜಿಯರು ಅಕ್ಷರ ಗೊತ್ತಿಲ್ಲದೆ ಇಡೀ ರಾಮಾಯಣ ಹೇಳುತ್ತಿದ್ದರು, ಅಲ್ವಾ? ಈಗ ಹರಿಕಥೆ ನಿಂತಿದೆ, ಆ ಜಾಗಕ್ಕೆ ಓದು ಬಂದಿಲ್ಲ. ನಡುವೆ ನಾವು ಸಿಕ್ಕಿಕೊಂಡಿದ್ದೇವೆ.

ಇನ್ನೊಂದು ಕಾರಣ ಗುಡಿಯಲ್ಲಿದೆ. ಚರ್ಚಿನಲ್ಲಿ ಭಾನುವಾರ ಬೈಬಲಿನ ಒಂದು ಭಾಗ ಓದುತ್ತಾರೆ, ಅದರ ಮೇಲೆ ಮಾತಾಡುತ್ತಾರೆ. ನಮ್ಮ ಗುಡಿಯಲ್ಲಿ ಮಂಗಳಾರತಿ, ತೀರ್ಥ, ಪ್ರಸಾದ. ಅರ್ಚಕರ ಕೆಲಸ ಪೂಜೆ, ಪಾಠ ಅಲ್ಲ. ಮೇಲಾಗಿ ಎಲ್ಲರಿಗೂ ಇದೊಂದೇ ಪುಸ್ತಕ ಅಂತ ಇಲ್ಲ. ಗೀತೆ 700 ಶ್ಲೋಕ. ಭಾಗವತ 18,000, ರಾಮಾಯಣ 24,000, ಮಹಾಭಾರತ ಲಕ್ಷ ಅಂತ ಲೆಕ್ಕ. ಎಲ್ಲಿಂದ ಹಿಡಿಯಬೇಕು ಅಂತ ಹೇಳುವವರು ಬೇಕಲ್ಲ.

ಹಾಗಂತ ದಿನಾ ಓದು ಅಂತ ಯಾರೂ ಹೇಳಿರಲಿಲ್ಲ ಅನ್ನಬೇಡಿ. ತೈತ್ತಿರೀಯ ಉಪನಿಷತ್ತಿನಲ್ಲಿ ಪಾಠ ಮುಗಿಸಿದ ಶಿಷ್ಯನಿಗೆ ಗುರು ಹೇಳುವ ಮಾತುಗಳಲ್ಲಿ "ಸ್ವಾಧ್ಯಾಯಾನ್ಮಾ ಪ್ರಮದಃ" ಅಂತ ಬರುತ್ತದೆ. ಅಧ್ಯಯನ ತಪ್ಪಿಸಬೇಡ ಅಂತ. ಗೃಹಸ್ಥರ ಐದು ಯಜ್ಞಗಳಲ್ಲಿ ಬ್ರಹ್ಮಯಜ್ಞ ಅನ್ನುವುದು ಇದೇ. ಅದನ್ನು ಯಾರಿಗೆ ಹೇಳಿದ್ದರು ಅನ್ನುವುದು ಬೇರೆ ಮಾತು.

ಮಂಡ್ಯ ಕಡೆಯವನು:
ಆ ಬೇರೆ ಮಾತನ್ನು ನಾನು ಹೇಳುತ್ತೇನೆ ಮೇಷ್ಟ್ರೇ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ತಾತನ ಕಾಲದಲ್ಲಿ ವೇದ ಓದುವುದಿರಲಿ, ಕೇಳುವುದಕ್ಕೂ ನಮ್ಮಂಥವರಿಗೆ ಬಿಡುತ್ತಿರಲಿಲ್ಲ. ಭಾಗವತದ ಮೊದಲ ಸ್ಕಂಧದಲ್ಲೇ ಇದೆ: ಹೆಂಗಸರಿಗೆ, ಶೂದ್ರರಿಗೆ ವೇದ ಕೇಳುವಂತಿಲ್ಲ, ಅದಕ್ಕೇ ವ್ಯಾಸರು ಕರುಣೆಯಿಂದ ಭಾರತ ಮಾಡಿದರು ಅಂತ. ಊರಲ್ಲಿ ಮುಕ್ಕಾಲು ಪಾಲು ಜನರನ್ನು ಹೊರಗಿಟ್ಟು, ಈಗ "ಯಾಕೆ ಯಾರೂ ಓದುವುದಿಲ್ಲ" ಅಂದರೆ ಏನು ಹೇಳುವುದು?

ಆದರೆ ನಮ್ಮ ಮನೆಗಳಲ್ಲಿ ಓದು ಇರಲಿಲ್ಲ ಅನ್ನುವುದೂ ಸುಳ್ಳು. ಶ್ರಾವಣ ಶನಿವಾರ ಶನಿಮಹಾತ್ಮೆ ಓದಿಸುತ್ತೇವೆ. ರಾತ್ರಿ ಒಬ್ಬರು ಪದ ಹೇಳುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಬೀದಿಯವರೆಲ್ಲ ಬಂದು ಕೂರುತ್ತಾರೆ. ವಿಕ್ರಮರಾಜನಿಗೆ ಕೈಕಾಲು ಕಡಿಸುವ ಭಾಗ ಬಂದಾಗ ನಿದ್ದೆ ಹೋದವರನ್ನೂ ಎಬ್ಬಿಸುತ್ತಾರೆ. ಇದನ್ನು ಶಾಸ್ತ್ರ ಅಂತ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅಷ್ಟೇ.

ರಾತ್ರಿ ಪಾಳಿ ನರ್ಸ್:
ನಿಮ್ಮ ಕೆಂಪು ಬಟ್ಟೆಯೇ ಅರ್ಧ ಉತ್ತರ. ಸ್ನಾನ ಆಗಿಲ್ಲ, ಮುಟ್ಟಬೇಡ. ಮೈಲಿಗೆ ಬಟ್ಟೆ, ಮುಟ್ಟಬೇಡ. ತಿಂಗಳಲ್ಲಿ ಆ ದಿನಗಳು, ಆ ಕಡೆ ಹೋಗಲೇಬೇಡ. ನೆಲದ ಮೇಲೆ ಇಡಬೇಡ, ಮಲಗಿಕೊಂಡು ಓದಬೇಡ. ಇಷ್ಟೆಲ್ಲ ಇದ್ದರೆ ಕೆಲಸಕ್ಕೆ ಹೋಗುವ ಹೆಂಗಸು ದಿನಾ ಓದುವುದು ಯಾವಾಗ? ಓದುವ ಪ್ರತಿ ಬೇರೆ, ಪೂಜೆಯ ಪ್ರತಿ ಬೇರೆ ಮಾಡಿಕೊಳ್ಳಿ. ಗೋರಖಪುರದ ಗೀತಾ ಪ್ರೆಸ್‌ನವರದು ಕನ್ನಡದಲ್ಲೂ ಕಡಿಮೆ ಬೆಲೆಗೆ ಸಿಗುತ್ತದೆ. ನನ್ನ ಪ್ರತಿ ಬ್ಯಾಗಿನಲ್ಲೇ ಇರುತ್ತದೆ, ಪೆನ್ಸಿಲ್ ಗುರುತು ತುಂಬಾ ಇದೆ. ಪಾಳಿ ಮುಗಿದು ಬಸ್ಸಿಗೆ ಕಾಯುವಾಗ ಓದುತ್ತೇನೆ. ಅತ್ತೆಗೆ ಮೊದಲು ಇಷ್ಟ ಆಗಲಿಲ್ಲ. ಈಗ ಅವರೇ "ಇವತ್ತು ಏನು ಬಂತು" ಅಂತ ಕೇಳುತ್ತಾರೆ.

ಸುಮ್ನೆ ಓದುವವನು:
ನಮ್ಮ ಬೀದಿಯಲ್ಲಿ ಸ್ಪೀಕರಿನಲ್ಲಿ ಗೀತೆ ಕೇಳಿಸಿದರೆ ಜನ ಮೊದಲು ಕೇಳುವುದು "ಯಾರು ಹೋದರು?" ಅಂತ. ಗರುಡ ಪುರಾಣ ಸಾವಿನ ಮನೆಗೆ, ಮಹಾಭಾರತ ಮನೆಯಲ್ಲಿಟ್ಟರೆ ಜಗಳ, ಗೀತೆ ಓದಿದರೆ ಮಗ ಸನ್ಯಾಸಿ. ಉಳಿದದ್ದು ಏನು ಸ್ವಾಮಿ? ಕ್ಯಾಲೆಂಡರ್ ಹಿಂದಿನ ರಾಶಿಫಲ.

ಗಮಕದ ಹುಚ್ಚಿನವರು:
ಎರಡನೇ ಅಧ್ಯಾಯದಲ್ಲಿ ನಿಲ್ಲುವುದು ನಿಮ್ಮ ಸೋಮಾರಿತನ ಅಲ್ಲ. ಮೊದಲ ಅಧ್ಯಾಯ ಕಥೆ. ರಥ, ಶಂಖ, ಅರ್ಜುನನ ಕೈ ನಡುಕ. ಎರಡರ 11ನೇ ಶ್ಲೋಕದಿಂದ ಇದ್ದಕ್ಕಿದ್ದಂತೆ ಆತ್ಮದ ವಿಚಾರ. ಒಟ್ಟು 72 ಶ್ಲೋಕ. ಹಿಂದಿನ ಕಥೆ ಮನಸ್ಸಿನಲ್ಲಿ ಇಲ್ಲದವರಿಗೆ ಅದು ಒಣ ಒಣ ಅನ್ನಿಸುತ್ತದೆ. ಗೀತೆ ಬರುವುದು ಭೀಷ್ಮಪರ್ವದಲ್ಲಿ. ಅದಕ್ಕೆ ಮುಂಚೆ ಐದು ಪರ್ವ ಆಗಿರುತ್ತವೆ. ಜೂಜು, ವನವಾಸ, ಅಜ್ಞಾತವಾಸ, ಕೃಷ್ಣನ ಸಂಧಾನ ಎಲ್ಲ ಮುಗಿದ ಮೇಲೆ ಆ ಮಾತುಗಳು ಬರುತ್ತವೆ. ನಾವು ಅದೊಂದನ್ನೇ ಕಿತ್ತು ಕೈಗೆ ಕೊಡುತ್ತೇವೆ, ಅರ್ಥವಾಗಲಿಲ್ಲ ಅಂದರೆ ಭಕ್ತಿ ಸಾಲದು ಅನ್ನುತ್ತೇವೆ.

ನನ್ನ ಓದು ಕಥೆಯಿಂದ ಶುರುವಾಯಿತು. ಎ. ಆರ್. ಕೃಷ್ಣಶಾಸ್ತ್ರಿಗಳ ವಚನ ಭಾರತ ಮೊದಲು. ಗದ್ಯ, ಸರಾಗವಾಗಿ ಹೋಗುತ್ತದೆ. ಇಡೀ ಕಥೆ ಒಂದೇ ಪುಸ್ತಕದಲ್ಲಿ ಇದೆ. ಆಮೇಲೆ ಕುಮಾರವ್ಯಾಸ. ನಡುಗನ್ನಡ ಅಂತ ಹೆದರಬೇಡಿ. ಕಣ್ಣಲ್ಲಿ ಓದಿದರೆ ಕಷ್ಟ, ಬಾಯಿಬಿಟ್ಟು ಓದಿದರೆ ಅರ್ಧ ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತದೆ. ಭಾಮಿನಿ ಷಟ್ಪದಿಯ ನಡೆಯೇ ಹಾಗೆ, ನಾಲಿಗೆ ಹಿಡಿದುಕೊಂಡು ಹೋಗುತ್ತದೆ. ದಿನಕ್ಕೆ ಐದಾರು ಪದ್ಯ ಸಾಕು. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯಂಥ ಊರುಗಳಲ್ಲಿ ಗಮಕ ಇನ್ನೂ ಇದೆ. ಒಬ್ಬರು ವಾಚನ, ಒಬ್ಬರು ವ್ಯಾಖ್ಯಾನ. ಯಾರಾದರೂ ಒಳ್ಳೆ ಗಮಕಿಗಳ ಧ್ವನಿಮುದ್ರಣ ಹಾಕಿಕೊಂಡು ಪುಸ್ತಕ ಎದುರಿಗೆ ಇಟ್ಟುಕೊಳ್ಳಿ. ಒಂದು ತಿಳಿದಿರಲಿ, ಕುಮಾರವ್ಯಾಸ ಬರೆದದ್ದು ಹತ್ತೇ ಪರ್ವ, ಗದಾಪರ್ವಕ್ಕೆ ಮುಗಿಯುತ್ತದೆ. ಉಳಿದ ಎಂಟನ್ನು ಆಮೇಲೆ ತಿಮ್ಮಣ್ಣ ಕವಿ ಬರೆದ.

ಮತ್ತೆ, ಒಬ್ಬರೇ ಓದಬೇಡಿ. ನಾನು ದಿನ ತಪ್ಪಿಸದೆ ಇರುವುದಕ್ಕೆ ಕಾರಣ ಶಿಸ್ತು ಗಿಸ್ತು ಏನೂ ಅಲ್ಲ. ಎದುರು ಮನೆಯ ರಾಯರು ಸಂಜೆ ಕುರ್ಚಿ ಎಳೆದುಕೊಂಡು ಬಂದು ಕೂತುಬಿಡುತ್ತಾರೆ. ಓದದೆ ವಿಧಿಯಿಲ್ಲ.

ಕೇಳಿದವರು:
ಇದು ಹೊಳೆದೇ ಇರಲಿಲ್ಲ. ಆದರೆ ಒಂದು ಅನುಮಾನ. ಕನ್ನಡದಲ್ಲಿ ಓದಿದರೆ ಅದು ಪಾರಾಯಣ ಆಗುತ್ತದಾ? ಸಂಸ್ಕೃತ ಉಚ್ಚಾರಣೆ ತಪ್ಪಿದರೆ ದೋಷ ಅಂತ ನಮ್ಮ ದೊಡ್ಡಪ್ಪ ಹೆದರಿಸಿದ್ದಾರೆ.

ರಾತ್ರಿ ಪಾಳಿ ನರ್ಸ್:
ಸ್ವರದ ನಿಯಮ ಅಷ್ಟು ಬಿಗಿಯಾಗಿರುವುದು ವೇದಮಂತ್ರಕ್ಕೆ. ಗೀತೆಗೆ ಉದಾತ್ತ, ಅನುದಾತ್ತ ಅಂತ ದನಿ ಏರಿಸಿ ಇಳಿಸುವ ಸ್ವರವೇ ಇಲ್ಲ. ಧೈರ್ಯವಾಗಿ ಓದಿ.

ಮಂಡ್ಯ ಕಡೆಯವನು:
ಅರ್ಥ ಗೊತ್ತಿಲ್ಲದೆ ಗಿಣಿ ಪಾಠ ಒಪ್ಪಿಸಿ ಏನು ಪ್ರಯೋಜನ? ಸಂಸ್ಕೃತ ಬಿಡಿ, ಕನ್ನಡ ಹಿಡಿಯಿರಿ.

ನಿವೃತ್ತ ಮೇಷ್ಟ್ರು:
ಇಲ್ಲ ತಮ್ಮಾ, ಅಷ್ಟು ಸುಲಭವಾಗಿ ಬಿಡಬೇಡ. ನಮ್ಮ ಮನೆಯವರು ವಿಷ್ಣುಸಹಸ್ರನಾಮ ಬಾಯಿಪಾಠ ಹೇಳುತ್ತಾರೆ. ಸಾವಿರ ಹೆಸರಿನ ಅರ್ಥ ಕೇಳಿದರೆ ನೂರಕ್ಕೆ ಹೇಳಿಯಾರು. ಆಪರೇಷನ್ ಆದ ರಾತ್ರಿ ಅವರು ಹಿಡಿದುಕೊಂಡದ್ದು ಅದನ್ನೇ, ನನ್ನ ಕಪಾಟಿನ ಭಾಷ್ಯ ಯಾವುದೂ ನೆರವಿಗೆ ಬರಲಿಲ್ಲ. ಪಾರಾಯಣ ಒಂದು ಕೆಲಸ, ಅರ್ಥದ ಓದು ಇನ್ನೊಂದು. ನಮ್ಮ ಗೊಂದಲ ಇರುವುದು ಎರಡನ್ನೂ ಒಂದೇ ಪುಸ್ತಕದಲ್ಲಿ, ಒಂದೇ ಹೊತ್ತಿನಲ್ಲಿ ಮಾಡಲು ಹೋಗುವುದರಲ್ಲಿ. ಬಾಯಿಗೆ ಚಿಕ್ಕದೊಂದು ಇರಲಿ. ಗೀತೆಯಲ್ಲೇ ಬೇಕೆಂದರೆ 12 ಅಥವಾ 15ನೇ ಅಧ್ಯಾಯ, ತಲಾ 20 ಶ್ಲೋಕ. ಎರಡನೇ ಅಧ್ಯಾಯದ ಕೊನೆಯ 19 ಶ್ಲೋಕಗಳನ್ನು, 54ರಿಂದ 72, ಗಾಂಧೀಜಿ ಆಶ್ರಮದ ಸಂಜೆ ಪ್ರಾರ್ಥನೆಯಲ್ಲಿ ಹೇಳುತ್ತಿದ್ದರು. ನೀವು ನಿಲ್ಲುವ ಜಾಗ ದಾಟಿ ನೇರ ಅಲ್ಲಿಗೆ ಹೋಗಬಹುದು.

ಅರ್ಥಕ್ಕೆ ವಾರಕ್ಕೊಂದು ದಿನ ಸಾಕು. 1932ರಲ್ಲಿ ವಿನೋಬಾ ಭಾವೆ ಮಹಾರಾಷ್ಟ್ರದ ಧುಳೆ ಜೈಲಿನಲ್ಲಿ ಕೈದಿಗಳಿಗೆ ಗೀತೆ ಹೇಳಿದ್ದು ಭಾನುವಾರ ಭಾನುವಾರ. ವಾರಕ್ಕೊಂದು ಅಧ್ಯಾಯ, 18 ವಾರ. ಮರಾಠಿ ಲೇಖಕ ಸಾನೆ ಗುರೂಜಿ ಅಲ್ಲೇ ಕೂತು ಬರೆದುಕೊಂಡರು. ಆ ಪ್ರವಚನಗಳು ಕನ್ನಡದಲ್ಲಿವೆ. ಜೈಲಿನಲ್ಲಿದ್ದವರಿಗೆ ಹೇಳಿದ ಮಾತು, ಹಾಗಾಗಿ ಪಂಡಿತರ ಭಾಷೆ ಇಲ್ಲ.

ಕನ್ನಡದ ಬಗ್ಗೆ ನಿಮ್ಮ ದೊಡ್ಡಪ್ಪನಿಗೆ ಗೀತೆಯ ಕೊನೆಯ ಅಧ್ಯಾಯ ತೋರಿಸಿ. 70ನೇ ಶ್ಲೋಕದಲ್ಲಿ ಈ ಸಂವಾದವನ್ನು ಅಧ್ಯಯನ ಮಾಡುವವನ ಮಾತಿದೆ. ಮುಂದಿನದರಲ್ಲೇ ಶ್ರದ್ಧೆಯಿಂದ ಸುಮ್ಮನೆ ಕೇಳುವವನಿಗೂ ಒಳ್ಳೆಯ ಲೋಕ ಅಂತ ಇದೆ. ಉಚ್ಚಾರಣೆಯ ಪರೀಕ್ಷೆ ಎರಡರಲ್ಲೂ ಇಲ್ಲ.

ಸುಮ್ನೆ ಓದುವವನು:
ನನ್ನದು ಸಣ್ಣ ಸೂಚನೆ. ಆಪ್ ಹಾಕಿಕೊಂಡು ದಿನಕ್ಕೊಂದು ಶ್ಲೋಕ ಅಂತ ನೋಟಿಫಿಕೇಶನ್ ಇಟ್ಟುಕೊಳ್ಳಬೇಡಿ. ಬೆರಳಲ್ಲಿ ತಳ್ಳಿಬಿಡುತ್ತೀರಿ. ಪುಸ್ತಕ ಕಣ್ಣಿಗೆ ಬೀಳುವ ಕಡೆ ಇರಲಿ, ಚಾರ್ಜರ್ ಪಕ್ಕದಲ್ಲಿ ಇಟ್ಟರೂ ಸರಿ. ತಪ್ಪಿದ ದಿನದ ಬಾಕಿ ತೀರಿಸಲು ಹೋಗಬೇಡಿ. ಬಾಕಿ ಬೆಳೆದರೆ ಪುಸ್ತಕ ಕಂಡರೆ ಸಾಲಗಾರರ ಥರ ತಪ್ಪಿಸಿಕೊಂಡು ಓಡಾಡುತ್ತೀರಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ಹೇಳಿದೆ, ರಾತ್ರಿ ಊಟ ಆದಮೇಲೆ ಓದು, ನಾನು ಕೇಳುತ್ತೇನೆ ಅಂದರು. ಧಾರಾವಾಹಿ ಮುಗಿದ ಮೇಲೆ ಅನ್ನುವ ಕರಾರು ಇದೆ. ಗೀತೆ ಸದ್ಯಕ್ಕೆ ಬಟ್ಟೆಯಲ್ಲೇ ಇರಲಿ. ವಿರಾಟಪರ್ವದಿಂದ ಶುರು ಮಾಡಬಹುದಾ? ಕೀಚಕನ ಕಥೆ ಅಮ್ಮನಿಗೆ ಇಷ್ಟ.

ಗಮಕದ ಹುಚ್ಚಿನವರು:
ಧಾರಾಳವಾಗಿ. ಮಳೆ ಕೈಕೊಟ್ಟಾಗ, ಮಳೆ ಬರಲಿ ಅಂತ ಊರಲ್ಲಿ ಓದಿಸುತ್ತಿದ್ದದ್ದೂ ವಿರಾಟಪರ್ವವೇ. ಒಣಗಲು ಹಾಕಿದ ಬಟ್ಟೆ ಒಳಗೆ ತಂದಿಟ್ಟು ಓದಲು ಕೂರಿ.