ಮೀನಿನ ಮೈಯ ಈ ಬಣ್ಣಕ್ಕೆ ‘ಮಿರುಗು’ ಅನ್ನಬಹುದಾ?

ಧಾರವಾಡದ ಹೈಸ್ಕೂಲ್ ಮಕ್ಕಳಿಗಾಗಿ ಮೀನಿನ ಬಣ್ಣದ ಬಗ್ಗೆ ಒಂದು ಪಾಠ ಬರೆಯುತ್ತಿದ್ದೇನೆ. ‘ಇರಿಡೋಫೋರ್’ ಅನ್ನೋ ಚರ್ಮದ ಕೋಶಕ್ಕೆ ಕನ್ನಡದಲ್ಲಿ ಒಂದು ಹೆಸರು ಬೇಕು. ಅದು ಮಾಡೋ ಕೆಲಸಕ್ಕೂ ಒಂದು ಮಾತು ಬೇಕು.

ಅಕ್ವೇರಿಯಂ ಅಂಗಡಿಗಳಲ್ಲಿ ನಿಯಾನ್ ಟೆಟ್ರಾ ನೋಡಿರುತ್ತೀರಿ. ಪುಟ್ಟ ಮೀನು. ಪಕ್ಕೆಯ ಮೇಲೆ ನೀಲಿ-ಹಸಿರು ಪಟ್ಟೆ, ಅದರ ಕೆಳಗೆ ಬಾಲದ ಕಡೆಗೆ ಕೆಂಪು. ಆ ಕೆಂಪು ಬಂದದ್ದು ಬಣ್ಣದ ಪದಾರ್ಥದಿಂದಲೇ. ನೀಲಿ ಪಟ್ಟೆಯಲ್ಲಿ ಮಾತ್ರ ನೀಲಿ ಪದಾರ್ಥವೇ ಇಲ್ಲ! ಅಲ್ಲಿನ ಇರಿಡೋಫೋರ್‌ಗಳ ಒಳಗೆ ಇರೋದು ಗ್ವಾನಿನ್ ಹರಳಿನ ತೆಳು ಬಿಲ್ಲೆಗಳು. ಡಿಎನ್‌ಎಯಲ್ಲಿ ಇರುತ್ತಲ್ಲ, ಅದೇ ಗ್ವಾನಿನ್. ನಡುವೆ ಚೂರು ಜಾಗ ಬಿಟ್ಟು ಒಂದರ ಮೇಲೊಂದು ಪೇರಿಸಿಕೊಂಡಿರುತ್ತವೆ. ಒಂದೊಂದು ಬಿಲ್ಲೆಯಿಂದಲೂ ವಾಪಸ್ ಬರುವ ಬೆಳಕು ಕೂಡಿಕೊಂಡಾಗ ಯಾವುದೋ ಒಂದು ಬಣ್ಣ ಜೋರಾಗುತ್ತದೆ, ಉಳಿದವು ಮಂಕಾಗುತ್ತವೆ. ನಡುವಿನ ಜಾಗ ಕಿರಿದಾದರೆ ನೇರಳೆಯ ಕಡೆಗೆ, ಜಾಸ್ತಿಯಾದರೆ ಹಸಿರು, ಕೆಂಪಿನ ಕಡೆಗೆ. ರಾತ್ರಿ ಕತ್ತಲಲ್ಲಿ ಬಿಲ್ಲೆಗಳು ವಾಲುತ್ತವೆ, ಜಾಗ ಕಿರಿದಾಗುತ್ತದೆ, ಪಟ್ಟೆ ನೇರಳೆಯಾಗುತ್ತದೆ. ಬೆಳಕು ಬಂದರೆ ಮತ್ತೆ ನೀಲಿ-ಹಸಿರು.

ಈಗ ಪದದ ವಿಷಯ. ‘ಹೊಳಪು’ ಬೆಳಗಿದ ತಂಬಿಗೆಗೂ ಇರುತ್ತದೆ, ಅದು ಸಾಲದು. ‘ಮಿಣುಕು’ ಮಿಣುಕುಹುಳದ ಮಾತು, ತನ್ನದೇ ಬೆಳಕು ಇದ್ದವರದ್ದು. ‘ವರ್ಣಕೋಶ’ ಅಂದರೆ ಒಳಗೆ ಬಣ್ಣ ತುಂಬಿಕೊಂಡಿದೆ ಅನ್ನಿಸಿಬಿಡುತ್ತದೆ. ‘ಮಿರುಗು’ ಸರಿಯಾಗಿದೆ. ರೇಷ್ಮೆ ಮಿರುಗುತ್ತದೆ, ನವಿಲುಗರಿ ಮಿರುಗುತ್ತದೆ. ಬೆಳಕು ಬೀಳಬೇಕು, ಏನೋ ಒಂದು ಕದಲಬೇಕು. ಹಾಗಾಗಿ ‘ಮಿರುಗುಕೋಶ’ ಅಂತ ಬರೆದುಕೊಂಡಿದ್ದೇನೆ.

ತೊಡಕು ಇರೋದು ಮುಂದೆ. ನವಿಲುಗರಿಯ ಬಣ್ಣ ನಾವು ಕತ್ತು ಹೊರಳಿಸಿದರೆ ಬದಲಾಗುತ್ತದೆ. ಟೆಟ್ರಾ ತನ್ನ ಬಣ್ಣವನ್ನು ತಾನೇ ಬದಲಿಸಿಕೊಳ್ಳುತ್ತದೆ. ಎರಡಕ್ಕೂ ‘ಮಿರುಗು’ ಅಂದರೆ ಮಕ್ಕಳಿಗೆ ಗೊಂದಲ ಅಲ್ವಾ? ಎರಡನೆಯದಕ್ಕೆ ‘ಬಣ್ಣ ತಿರುಗು’ ಅನ್ನೋಣ ಅಂದುಕೊಂಡೆ. ಆದರೆ ಕೆಂಪಿಗೆ ತಿರುಗಿದ ಟೊಮ್ಯಾಟೊ ಮತ್ತೆ ಹಸಿರಾಗಲ್ಲ. ‘ಬಣ್ಣ ಬದಲಾಯಿಸು’ ಅಂದರೆ ಗೋಸುಂಬೆ ಬುದ್ಧಿ ಅನ್ನೋ ಬೈಗುಳ ಅಂಟಿಕೊಂಡು ಬರುತ್ತದೆ. (ಗೋಸುಂಬೆಯ ಚರ್ಮದಲ್ಲೂ ಇದೇ ಗ್ವಾನಿನ್ ಹರಳುಗಳು ಅಂತರ ಬದಲಿಸುತ್ತವೆ ಅಂತ ವಿಜ್ಞಾನಿಗಳು 2015ರಲ್ಲಿ ತೋರಿಸಿದರು.) ಸದ್ಯಕ್ಕೆ ‘ಬಣ್ಣ ಹೊರಳಿಸು’ ಅಂತ ಇಟ್ಟಿದ್ದೇನೆ. ಹೋಗಿಬರೋ ಅರ್ಥ ಅದರಲ್ಲಿ ಇದೆ ಅನ್ನಿಸುತ್ತದೆ. ನಿಮಗೂ ಹಾಗೆ ಕೇಳಿಸುತ್ತದಾ?

ಗದಗ-ಬೆಟಗೇರಿಯ ಮಗ್ಗದ ಮನೆಗಳವರಿಗೆ ಇನ್ನೊಂದು ಪ್ರಶ್ನೆ. ಉದ್ದದ ಎಳೆಗೆ (ಹಾಸು) ಒಂದು ಬಣ್ಣ, ಅಡ್ಡ ಎಳೆಗೆ (ಹೊಕ್ಕು) ಇನ್ನೊಂದು ಬಣ್ಣದ ನೂಲು ಹಾಕಿ ನೇಯ್ದ ಸೀರೆ ಒಂದೊಂದು ಕಡೆಯಿಂದ ಒಂದೊಂದು ಬಣ್ಣ ತೋರಿಸುತ್ತದಲ್ಲ, ಅದಕ್ಕೆ ಮನೆಯಲ್ಲಿ ಏನಂತೀರಿ? ಅಲ್ಲಿ ನೂಲಿಗೇ ಬಣ್ಣ ಇರುತ್ತದೆ, ನಿಜ. ಆದರೂ ಆ ಮಾತು ನವಿಲುಗರಿಗೆ ಒಪ್ಪಬಹುದು. ಅಜ್ಜಿ, ಅಜ್ಜಂದಿರು ಹೇಳ್ತಿದ್ದ ಹಾಗೇ ಬರೆದು ಕಳಿಸಿ.