ಅಪ್‌ಡೇಟ್: ಮಸಾಜ್ ಕುರ್ಚಿ ಮನೆಗೆ ಬಂದು ಎರಡು ತಿಂಗಳು

ದಿನವಿಡೀ ಕಂಪ್ಯೂಟರ್ ಮುಂದೆ ಕುಳಿತು ಕತ್ತು, ಹೆಗಲು ಕಲ್ಲಾಗಿವೆ; ಮಸಾಜ್ ಕುರ್ಚಿ ಕೊಂಡರೆ ಒತ್ತಡ ಇಳಿದೀತೇ ಎಂದು ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಕೊಂಡೆ. ನಡುಮನೆಯಲ್ಲಿ ಆನೆಯಂತೆ ಮಲಗಿದೆ.

ಕುರ್ಚಿಗಿಂತ ಮೊದಲು ಉಪಯೋಗಕ್ಕೆ ಬಂದದ್ದು ನಿಮ್ಮಲ್ಲೊಬ್ಬರ ಮಾತು: ಒತ್ತಡ ಮೈಯಲ್ಲಿ ಎಲ್ಲಿ ಕೂರುತ್ತದೆಂದು ಒಂದು ವಾರ ಗಮನಿಸಿ. ಗಮನಿಸಿದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನನ್ನ ಹೆಗಲು ಕಿವಿಯ ಹತ್ತಿರವಿರುತ್ತದೆ, ಹಲ್ಲು ಕಚ್ಚಿಕೊಂಡಿರುತ್ತೇನೆ. ಬೆಳಗಿನ ತಲೆನೋವಿಗೆ ಇಷ್ಟು ದಿನ ಕಾಫಿಯನ್ನು ಬೈಯುತ್ತಿದ್ದೆ, ಪಾಪ!

ಈಗ ಊಟವಾಗಿ ಒಂದು ಗಂಟೆಯ ನಂತರ 15 ನಿಮಿಷ ಕೂರುತ್ತೇನೆ. ಉರುಳೆಗಳು ಬೆನ್ನುಮೂಳೆಯ ಇಕ್ಕೆಲಗಳಲ್ಲಿ ಒತ್ತುತ್ತಾ ಇಳಿಯುತ್ತವೆ, ಗಾಳಿಚೀಲಗಳು ಮೀನಖಂಡಗಳನ್ನು ಹಿಂಡುತ್ತವೆ. ಮೊದಲ ವಾರ ಜಂಬದಿಂದ ಅತಿ ಜೋರಿನ ಮಟ್ಟಕ್ಕೆ ಇಟ್ಟು, ಮರುದಿನ ಒನಕೆಯಲ್ಲಿ ಕುಟ್ಟಿಸಿಕೊಂಡಂತಾಗಿತ್ತು. ಮಟ್ಟ ಇಳಿಸಿ, ಬೆನ್ನಿಗೊಂದು ಟವೆಲ್ ಹಾಸಿದ ಮೇಲೆ ಹಿತವಾಯಿತು. ಆ ಹೊತ್ತು ಮೊಬೈಲ್ ಬೇರೆ ಕೋಣೆಯಲ್ಲಿರುತ್ತದೆ. ಅರ್ಧ ಗುಣ ಅದರಿಂದಲೇ ಎಂದು ನನ್ನ ಗುಮಾನಿ.

ಅಮ್ಮನಿಗೆ ಮೂಳೆ ಟೊಳ್ಳಾಗುವ ಕಾಯಿಲೆ ಇರುವುದರಿಂದ ವೈದ್ಯರು ಬೇಡವೆಂದರು. ಅಮ್ಮ ಸ್ವಿಚ್ ಹಾಕದೆ ಅದರಲ್ಲಿ ಕುಳಿತು ಧಾರಾವಾಹಿ ನೋಡುತ್ತಾರೆ. ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಸಹ ವೈದ್ಯರನ್ನು ಕೇಳಿಯೇ ಕೂರಬೇಕು.

ಒತ್ತಡ ಹೋಯಿತೇ? ಕೆಲಸ ಅದೇ, ಗಡುವೂ ಅದೇ. ಆದರೆ ಹೆಗಲು ಏರಿದ್ದು ಈಗ ನನಗೆ ಗೊತ್ತಾಗುತ್ತದೆ, ಕುರ್ಚಿಯಿಲ್ಲದೆಯೂ ಇಳಿಸುತ್ತೇನೆ. ಕೊಳ್ಳುವವರು ಮೊದಲು ಬಾಗಿಲಿನ ಅಗಲ ಅಳೆದುಕೊಳ್ಳಿ. ನಾವು ಬಾಗಿಲನ್ನೇ ಕಳಚಬೇಕಾಯಿತು.